ಅಗಲದ ಲೆನ್ಸು

ನನಗೆ ಫೋಟೋ ತೆಗೆಯುವುದನ್ನು ಕಲಿಸಿದ ಮೇಷ್ಟ್ರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಇವತ್ತಿಗೂ ನನಗೆ ಕೋಪ ಬರುವುದು ಅದಕ್ಕೇ. ಪೂರ್ತಿ ಸುಳ್ಳು ಹೇಳಿದ್ದರೆ ಎರಡು ಮದುವೆ ಸೀಜನ್ನು ಕಳೆಯುವುದರೊಳಗೆ ಹಿಡಿದುಬಿಡುತ್ತಿದ್ದೆ.

ಅವರು ಶಾಲೆಯ ಮೇಷ್ಟ್ರಲ್ಲ. ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಕಲಿಸಿದವರನ್ನು ಇನ್ನೇನೆಂದು ಕರೆಯುವುದು ಎಂದು ನಾನೇ ಮೇಷ್ಟ್ರೇ ಅಂದೆ, ಅವರು ಬೇಡ ಅನ್ನಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ಬಿಳಿಗೆರೆಯ ಹತ್ತಿರ ನಮ್ಮದೊಂದು ತೆಂಗಿನ ತೋಟ. ಅಪ್ಪ ತೀರಿಕೊಂಡಿದ್ದರು. ತೋಟವನ್ನು ಅವ್ವ ನೋಡಿಕೊಳ್ಳುತ್ತಿದ್ದಳು, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದೆ. ಕಾಲೇಜು ನನ್ನನ್ನು ಬಿಟ್ಟಿತ್ತೋ ನಾನು ಕಾಲೇಜನ್ನು ಬಿಟ್ಟಿದ್ದೆನೋ ಎಂಬ ವಿಷಯ ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಆ ವರ್ಷ ಅಟ್ಟದ ಮೇಲಿನ ಕೊಬ್ಬರಿ ಇಳಿಸಿ ಮಾರಿದಾಗ ಅವ್ವ, "ಅದೇನೋ ಕ್ಯಾಮೆರಾ ಕ್ಯಾಮೆರಾ ಅಂತ ಸಾಯ್ತಿದ್ದೀಯಲ್ಲ, ತಗಾ. ಅದಾದ್ರೂ ನೆಟ್ಟಗೆ ಮಾಡು" ಎಂದಳು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಂತು. ಲೆನ್ಸು ಬದಲಾಯಿಸಬಹುದಾದ ಕ್ಯಾಮೆರಾ ಎಂಬುದೇ ನನಗೆ ದೊಡ್ಡ ಜಂಬ. ಬದಲಾಯಿಸಲು ಇನ್ನೊಂದು ಲೆನ್ಸು ಇರಲಿಲ್ಲ ಅಷ್ಟೆ. ಜೊತೆಗೆ ಬಂದದ್ದು ಐವತ್ತು ಮಿಲಿಮೀಟರಿನ ಮಾಮೂಲು ಲೆನ್ಸು ಒಂದೇ, ನಾವು ಐವತ್ತರ ಲೆನ್ಸು ಅನ್ನುತ್ತಿದ್ದದ್ದು.

ಮೇಷ್ಟ್ರು ಎಷ್ಟು ಚೆನ್ನಾಗಿ ಕಲಿಸಿದರು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸ್ಟುಡಿಯೋದ ಬೆಂಚಿನ ಮೇಲೆ ಕೂರಿಸಿಕೊಂಡು, ಎಲೆ ಅಡಿಕೆ ಮೆಲ್ಲುತ್ತಾ ಹೇಳುವರು. "ಮುಖಕ್ಕೆ ಹತ್ರ ಹೋಗಬ್ಯಾಡ ಕಣ್ಲಾ. ಹತ್ರ ಹೋದ್ರೆ ಮೂಗು ಮುಂದಕ್ಕೆ ಬತ್ತದೆ, ಕಿವಿ ಹಿಂದಕ್ಕೆ ಹೋಯ್ತದೆ. ದೂರ ನಿಂತ್ಕಂಡು ಉದ್ದದ ಲೆನ್ಸಲ್ಲಿ ತಗಿ, ಎಂಥಾ ಮುಖಾನೂ ಲಕ್ಷಣವಾಗಿ ಬತ್ತದೆ." ನಿಜ. ತೋಟದ ಫೋಟೋಗೆ ಹಳದಿ ಫಿಲ್ಟರ್ ಹಾಕು, ಆಕಾಶ ಕಪ್ಪಾಗಿ ಗರಿ ಎದ್ದು ಕಾಣುತ್ತದೆ ಎಂದರು. ನಿಜ. ಮಂಡಿಯವರು ಕೊಬ್ಬರಿ ಫೋಟೋ ಕೇಳಿದರೆ ಎದುರಿನಿಂದ ಫ್ಲಾಷ್ ಹೊಡೆಯಬೇಡ, ಬೆಳಕು ಪಕ್ಕದಿಂದ ಬರಲಿ, ಇಲ್ಲದಿದ್ದರೆ ಹೋಳು ಸುಣ್ಣದ ಉಂಡೆಯ ಹಾಗೆ ಕಾಣುತ್ತದೆ ಎಂದರು. ಅದೂ ನಿಜ. ಕ್ಯಾಮೆರಾದ ಕಿಂಡಿಯಲ್ಲಿ ಕಾಣುವುದಕ್ಕಿಂತ ಫಿಲಂ ಮೇಲೆ ಒಂದಿಷ್ಟು ಹೆಚ್ಚೇ ಬೀಳುತ್ತದೆ, ಅಂಚಿಗೆ ಹೆದರಬೇಡ ಎಂದರು. ಅದನ್ನೂ ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ.

ಮದುವೆಗೆ ಮಾತ್ರ ಐವತ್ತೇ ಸಾಕು, ಇನ್ನೇನನ್ನೂ ಮುಟ್ಟಬೇಡ ಎಂದರು.

ಮದುವೆಗಳಲ್ಲಿ ಗ್ರೂಪ್ ಫೋಟೋ ಎಂಬುದು ನಮ್ಮ ಕಡೆ ಯುದ್ಧ. ಗಂಡು ಹೆಣ್ಣಿನ ಫೋಟೋ ಹೇಗೇ ಬರಲಿ, ಗ್ರೂಪಿನಲ್ಲಿ ಅಣ್ಣತಮ್ಮಂದಿರ ಮನೆಯವರೆಲ್ಲ ಇರಲೇಬೇಕು. ಒಬ್ಬರು ಬಿಟ್ಟುಹೋದರೆ ಮುಂದಿನ ಹಬ್ಬಕ್ಕೆ ಆ ಮನೆಯವರು ಬರುವುದಿಲ್ಲ. ಅಷ್ಟೂ ಜನ ನಿಲ್ಲುವುದು ಮನೆಯ ಮುಂದೆ, ಬಾಗಿಲಿನ ತೋರಣ ಕಾಣಬೇಕು ಎಂಬ ಹಟ. ನಮ್ಮ ಬೀದಿಗಳೋ, ಎರಡು ಗಾಡಿ ಎದುರುಬದುರು ಬಂದರೆ ಒಂದು ಹಿಂದಕ್ಕೆ ಹೋಗಬೇಕು. ಐವತ್ತರ ಲೆನ್ಸು ಹಿಡಿದು ಹಿಂದೆ ಹಿಂದೆ ಸರಿಯುತ್ತಾ ನಾನು ಎದುರು ಮನೆಯ ಜಗಲಿ ಹತ್ತಿದ್ದೇನೆ, ಹುಲ್ಲಿನ ಮೆದೆಗೆ ಒರಗಿದ್ದೇನೆ, ದಂಡಿನಶಿವರದಲ್ಲಿ ದನ ನೀರು ಕುಡಿಯುವ ಬಾನಿಯೊಳಕ್ಕೆ ಕೂತಿದ್ದೇನೆ. ಅವತ್ತು ಮದುಮಗಳೂ ನಕ್ಕಳು. ಅದೊಂದೇ ಫೋಟೋದಲ್ಲಿ ಎಲ್ಲರೂ ಹಲ್ಲು ತೋರಿಸಿದ್ದಾರೆ.

ಬೆಂಗಳೂರಿಗೆ ಹೋಗಿ ಎರಡನೆಯ ಲೆನ್ಸು ತರುವ ಕಾಲ ಬಂದಾಗ ಅಂಗಡಿಯವನು ಗಾಜಿನ ಮೇಲೆ ಎರಡು ಇಟ್ಟ. ಒಂದು ಉದ್ದದ್ದು, ನೂರ ಮೂವತ್ತೈದು. ಇನ್ನೊಂದು ಗಿಡ್ಡ, ಇಪ್ಪತ್ತೆಂಟು, ಅಗಲಕ್ಕೆ ನೋಡುವಂಥದ್ದು. ಗಿಡ್ಡನೆಯದನ್ನು ಹಾಕಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ. ಎದುರಿನ ನಾಲ್ಕು ಅಂಗಡಿ, ಎರಡು ಬಸ್ಸು, ಫುಟ್‌ಪಾತಿನ ಜನವೆಲ್ಲ ಒಂದೇ ಸಲ ಒಳಗೆ ಬಂದರು. ಇದನ್ನೇ ಕಟ್ಟಿಕೊಡಿ ಎನ್ನಲು ಬಾಯಿ ತೆರೆದೆ. ಆದರೆ ಹಿಂದಿನ ದಿನ ಮೇಷ್ಟ್ರು ಹೇಳಿ ಕಳಿಸಿದ್ದರು. "ವೈಡ್ ಲೆನ್ಸ್ ತೋರಿಸ್ತಾರೆ, ಮೋಸ ಹೋಗಬ್ಯಾಡ. ಅಂಚಲ್ಲಿ ನಿಂತವರ ಮುಖವೆಲ್ಲ ಎಳ್ಕಂಡು ಹೋಯ್ತದೆ. ಮದ್ವೆ ಮನೆಯೋರು ನಿನ್ನ ಕ್ಯಾಮೆರಾ ಸಮೇತ ಬಾವಿಗಾಕ್ತಾರೆ. ಉದ್ದದ್ದು ತಗಂಡು ಬಾ." ನಾನು ಉದ್ದದ್ದು ತಂದೆ. ತಂದದ್ದನ್ನು ಮೇಷ್ಟ್ರು ಕೈಯಲ್ಲಿ ತಿರುಗಿಸಿ ನೋಡಿ, ಬೆನ್ನು ತಟ್ಟಿದರು.

ವರ್ಷ ಕಳೆದಂತೆ ನನ್ನನ್ನು ಮದುವೆಗೆ ಕರೆಯುವವರು ಕಡಿಮೆಯಾದರು. ಶೆಟ್ಟಿಕೆರೆ ಕಡೆಯ ಒಬ್ಬ ಹಿರಿಯರು ಬಸ್ಸಿನಲ್ಲಿ ಸಿಕ್ಕಿ, "ನಿನ್ ಫೋಟೋದಾಗೆ ನಮ್ ಚಿಕ್ಕಪ್ಪ ಅರ್ಧ ಬಂದವ್ರೆ ಕಣಪ್ಪ. ಇನ್ನರ್ಧ ಕೊಡ್ತೀಯೇನು?" ಎಂದು ಎಲ್ಲರ ಮುಂದೆ ಕೇಳಿದರು. ಅವರ ಎರಡನೆಯ ಮಗನ ಮದುವೆಗೆ ಮೇಷ್ಟ್ರು ಹೋದರು. ಮೇಷ್ಟ್ರಿಗೆ ಅನುಭವ ಹೆಚ್ಚು, ಜನರನ್ನು ಒತ್ತಿ ನಿಲ್ಲಿಸುವ ಕಲೆ ಗೊತ್ತು ಎಂದು ನಾನು ಸಮಾಧಾನ ಮಾಡಿಕೊಂಡೆ. ಅವರ ಆಲ್ಬಂ ನೋಡುವ ಬುದ್ಧಿಯೂ ನನಗೆ ಬರಲಿಲ್ಲ. ಅಷ್ಟು ನಂಬಿಕೆ.

ಎಪ್ಪತ್ತೊಂಬತ್ತರಲ್ಲಿ ತಂಗಿಯ ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ನಮ್ಮ ತೋಟದ ಗರಿಯ ಚಪ್ಪರ. ಫೋಟೋ ನಾನೇ ತೆಗೆಯುವುದೆಂದು ಮೊದಲೇ ಹೇಳಿದ್ದೆ. ಮೇಷ್ಟ್ರು ನೆಂಟರ ಹಾಗೆ ಬಂದಿದ್ದರು, ಹೆಗಲಲ್ಲಿ ಮಾಮೂಲು ಚರ್ಮದ ಬ್ಯಾಗು. ಊಟಕ್ಕೆ ಹೋದರೂ ಅವರು ಆ ಬ್ಯಾಗು ಬಿಡುವವರಲ್ಲ.

ಅವ್ವನ ವಿಷಯ ಇಲ್ಲಿ ಹೇಳಬೇಕು. ಅಪ್ಪ ಹೋದ ಮೇಲೆ ಅವಳು ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲ. ಮೊದಲೂ ಇಲ್ಲ, ಆಗ ಮನೆಯಲ್ಲಿ ಕ್ಯಾಮೆರಾ ಎಲ್ಲಿತ್ತು? ನಾನು ಕ್ಯಾಮೆರಾ ತಂದ ಮೇಲೆ ಎಷ್ಟೋ ಸಲ ಗೋಗರೆದೆ. "ಬರಿಯ ಹಣೆ ಯಾಕಪ್ಪ ತಗೀತೀಯ, ಆ ಕರೂನ ತಗಿ" ಅನ್ನುವಳು. ತಂಗಿಯ ಮದುವೆಯ ದಿನ ಮಾತ್ರ ತಂಗಿ ಹಟ ಮಾಡಿ ಕೈ ಹಿಡಿದು ಎಳೆದುಕೊಂಡು ಬಂದಳು. ಅವ್ವ ಬಂದಳು, ಆದರೆ ನಡುವೆ ನಿಲ್ಲಲಿಲ್ಲ. ಧಾರೆ ಎರೆದದ್ದು ಚಿಕ್ಕಪ್ಪ ಚಿಕ್ಕಮ್ಮ, ಅವರು ಮದುಮಗಳ ಪಕ್ಕದಲ್ಲಿ. ಗಂಡ ಇಲ್ಲದವಳು ಗ್ರೂಪಿನ ಕೊನೆಯಲ್ಲಿ ನಿಲ್ಲಬೇಕೆಂದು ಯಾರೂ ಅವಳಿಗೆ ಹೇಳಲಿಲ್ಲ, ನಮ್ಮ ಕಡೆ ಅದನ್ನು ಹೇಳಬೇಕಾಗಿಯೂ ಇಲ್ಲ. ಅವಳೇ ಹೋಗಿ ಎಡಗಡೆಯ ತುದಿಯಲ್ಲಿ, ಎಲ್ಲರಿಂದ ಒಂದು ಗೇಣು ಬಿಟ್ಟು ನಿಂತಳು.

ನಾನು ಹಿಂದಕ್ಕೆ ಸರಿದೆ. ಎದುರು ಮನೆಯ ಕೊಟ್ಟಿಗೆಯ ಗೋಡೆ ಬೆನ್ನಿಗೆ ತಾಗಿತು. ಕಿಂಡಿಯಲ್ಲಿ ಬಲಗಡೆಯವರನ್ನು ಹಿಡಿಸಿದರೆ ಅವ್ವ ಇಲ್ಲ, ಅವ್ವನನ್ನು ಹಿಡಿಸಿದರೆ ಗಂಡಿನ ಸೋದರಮಾವ ಇಲ್ಲ. ಗಂಡಿನ ಕಡೆಯವರನ್ನು ಕತ್ತರಿಸುವ ಧೈರ್ಯ ಯಾರಿಗಿದೆ?

"ಅವ್ವಾ, ಒಸಿ ಒಳಕ್ಕೆ ಬಾ."

"ನಾನ್ಯಾಕಪ್ಪ ಒಳಕ್ಕೆ. ಇಲ್ಲಿಂದ್ಲೇ ಬತ್ತೀನಲ್ಲ?"

ಪಕ್ಕದಲ್ಲಿ ಕೊಟ್ಟಿಗೆಯ ಕಟ್ಟೆಯ ಮೇಲೆ ಮೇಷ್ಟ್ರು ನಿಂತಿದ್ದರು. "ಮೇಷ್ಟ್ರೇ, ಅವ್ವ ಹಿಡಿಸ್ತಿಲ್ಲ" ಎಂದೆ. "ಕಿಂಡೀಲಿ ಕಾಣ್ದಿದ್ರೂ ಫಿಲಂನಾಗೆ ಬತ್ತಾರೆ ಬುಡು. ಹೊತ್ತಾಗ್ತದೆ, ಒತ್ತು. ಆಮ್ಯಾಕೆ ನಿಮ್ಮವ್ವನ್ದು ಬ್ಯಾರೆ ಒಂದು ತಗದ್ರಾಯ್ತು" ಎಂದರು. ನಾನು ಅವ್ವನಿಗೆ, "ಬತ್ತೀಯ, ಬತ್ತೀಯ" ಎಂದು ಕೂಗಿ ಒತ್ತಿದೆ.

ಆಮೇಲೆ ಬೇರೆ ತೆಗೆಯಲಾಗಲಿಲ್ಲ. ಊಟದ ಪಂಕ್ತಿ, ಗಂಡಿನವರ ಬಸ್ಸು, ತಂಗಿಯ ಅಳು. ಅವ್ವ ಹಳೆ ಸೀರೆ ಉಟ್ಟು ಪಾತ್ರೆಗಳ ಹತ್ತಿರ ಕೂತಾಗಿತ್ತು. "ಇನ್ಯಾವತ್ತಾದ್ರೂ ತಗಿಯೋವಂತೆ ಬುಡು" ಎಂದಳು. ಫಿಲಂ ತೊಳೆದು ನೋಡಿದರೆ ಅವ್ವನ ಎಡಗೈ ಮೊಣಕೈವರೆಗೆ ಬಂದಿತ್ತು, ಸೆರಗಿನ ಒಂದು ತುಂಡು ಬಂದಿತ್ತು. ಮುಖ ಇರಲಿಲ್ಲ.

ಮಾರನೆಯ ಬೇಸಿಗೆಯಲ್ಲಿ ಅವ್ವ ಮೂರು ದಿನದ ಜ್ವರದಲ್ಲಿ ಹೋದಳು. ಕಾಯಿಲೆ ಏನೆಂದು ತಿಳಿಯುವುದರೊಳಗೆ ಎಲ್ಲ ಮುಗಿದಿತ್ತು. ತಿಥಿಗೆ ಇಡಲು ಫೋಟೋ ಎಲ್ಲಿ ಎಂದು ನೆಂಟರು ಕೇಳಿದರು. ಸುತ್ತ ಹತ್ತೂರಿನ ಮುಖಗಳನ್ನು ತೆಗೆದ ಮಗನ ಮನೆಯಲ್ಲಿ ತಾಯಿಯ ಮುಖ ಇರಲಿಲ್ಲ. ಅವಮಾನ ಎಂದರೆ ಏನೆಂದು ಅವತ್ತು ಗೊತ್ತಾಯಿತು.

ಆ ನೆಗೆಟಿವ್ ತೆಗೆದುಕೊಂಡು ಮೇಷ್ಟ್ರ ಹತ್ತಿರ ಓಡಿದೆ. ಅಂಚಿನಲ್ಲಿ ಕೆನ್ನೆಯ ಗೆರೆಯಾದರೂ ಸಿಕ್ಕೀತು ಎಂಬ ಆಸೆ. ಅವರು ಡಾರ್ಕ್ ರೂಮಿನಲ್ಲಿ ನನ್ನ ಜೊತೆ ಇಡೀ ಮಧ್ಯಾಹ್ನ ನಿಂತರು. ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಕೈಯ ಮೇಲಿನ ನರ ಕಂಡವು, ಮುಖ ಬರಲಿಲ್ಲ. ನಾನು ಅಲ್ಲೇ ಕೂತು ಅತ್ತೆ. ಅವರು ಹೆಗಲ ಮೇಲೆ ಕೈ ಇಟ್ಟು, "ಅಳಬ್ಯಾಡ ಕಣ್ಲಾ. ಒಂದು ದಾರಿ ಅದೆ" ಎಂದರು.

ಆ ಕಾಲದ ಸ್ಟುಡಿಯೋಗಳಲ್ಲಿ ಅಂಥದೊಂದು ಪದ್ಧತಿ ಇತ್ತು. ಸತ್ತವರ ಫೋಟೋ ಇಲ್ಲದಿದ್ದರೆ ಅವರನ್ನು ಹೋಲುವ ಮಗಳನ್ನೋ ಮಗನನ್ನೋ ಕೂರಿಸಿ, ಅದೇ ಥರದ ಬಟ್ಟೆ ಹಾಕಿಸಿ ತೆಗೆಯುವುದು. ಆಮೇಲೆ ನೆಗೆಟಿವ್ ಮೇಲೆ ಸೀಸದ ಕಡ್ಡಿಯಲ್ಲಿ, ಪ್ರಿಂಟಿನ ಮೇಲೆ ಕುಂಚದಲ್ಲಿ ವಯಸ್ಸು ಬರೆಯುವುದು. ಮೇಷ್ಟ್ರ ಕೈ ಅದರಲ್ಲಿ ಪಳಗಿತ್ತು. ತಂಗಿ ಅವ್ವನ ಸೀರೆ ಉಟ್ಟು ಬಂದಳು. ನಾನು ನನ್ನ ಉದ್ದದ ಲೆನ್ಸು ಹಾಕಿ ದೂರದಲ್ಲಿ ನಿಂತೆ. ಅವಳ ಹಣೆಯಲ್ಲಿ ಕುಂಕುಮವಿತ್ತು. ಆಮೇಲೆ ಕೆರೆದು ತೆಗೆಯುತ್ತೇನೆ ಎಂದು ಮೇಷ್ಟ್ರು ಹೇಳಿದರು. ತಂಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡು, "ಹಿಂಗಿದ್ರೆ ಅವ್ವ ಬರಲ್ಲ" ಎಂದವಳೇ ಸೆರಗಿನಿಂದ ಹಣೆ ಒರೆಸಿಕೊಂಡಳು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಕಿಂಡಿಯಲ್ಲಿ ಅವ್ವ ಬಂದಹಾಗೇ ಇತ್ತು, ಒತ್ತಿಬಿಟ್ಟೆ.

ಗಂಡ ಬದುಕಿರುವಾಗ ಕುಂಕುಮ ಅಳಿಸಿ ಫೋಟೋ ತೆಗೆಸಿಕೊಂಡಳು ಎಂಬ ಸುದ್ದಿ ತುರುವೇಕೆರೆಯಲ್ಲಿದ್ದ ಅವಳ ಅತ್ತೆ ಮನೆಗೆ ವಾರದೊಳಗೆ ಮುಟ್ಟಿತು. ನಾನು ಹೋಗಿ ಕೈಮುಗಿದೆ. ಅತ್ತೆ ನನ್ನನ್ನು ಜಗಲಿಯ ಮೇಲೆ ಕೂರಿಸಿ, "ನಿಮ್ ಸತ್ತೋರಿಗೋಸ್ಕರ ನನ್ ಮಗನ್ನ ಸಾಯಿಸಿದ್ರಲ್ಲಪ್ಪ" ಎಂದರು. ಒಂದು ವರ್ಷ ಅವರು ತಂಗಿಯ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳಲಿಲ್ಲ. ಮಗನಿಗೆ ನೆಗಡಿಯಾದರೂ ಅವಳ ಹಣೆ ನೋಡುತ್ತಿದ್ದರಂತೆ. ತಂಗಿ ಇದನ್ನೆಲ್ಲ ನನಗೆ ಹೇಳಿದ್ದು ಬಹಳ ಕಾಲದ ಮೇಲೆ.

ಫೋಟೋ ಚೆನ್ನಾಗಿ ಬಂತು. ಒಂದು ನನ್ನ ಮನೆಯ ಗೋಡೆಗೆ, ಒಂದು ತಂಗಿಗೆ. ಅತ್ತೆಗೆ ಹೆದರಿ ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟು, ಎರಡು ವರ್ಷದ ಮೇಲೆ ಗೋಡೆಗೆ ಹಾಕಿದಳು. ನೋಡಿದವರೆಲ್ಲ, "ನಿಮ್ಮವ್ವ ಎದ್ದು ಬಂದಂಗದೆ" ಎಂದರು. ಮೇಷ್ಟ್ರು ಮಾಡಿದ ಉಪಕಾರವನ್ನು ನಾನು ಎಲ್ಲೆಲ್ಲಿ ಹೇಳಿಕೊಂಡು ತಿರುಗಿದೆನೋ ಲೆಕ್ಕವಿಲ್ಲ.

ಆರು ವರ್ಷ ಕಳೆಯಿತು. ಕಲರ್ ಬಂದಿತ್ತು. ಕಪ್ಪು ಬಿಳುಪಿನ ಡಾರ್ಕ್ ರೂಮು ಕಿತ್ತುಹಾಕುತ್ತೇನೆ, ಹಳೆ ನೆಗೆಟಿವ್ ಡಬ್ಬಗಳನ್ನು ಬೇಕಾದರೆ ತೆಗೆದುಕೊಂಡು ಹೋಗು ಎಂದು ಮೇಷ್ಟ್ರು ಹೇಳಿಕಳಿಸಿದರು. ಫಿಲಂಗೆ ಮೆತ್ತಿದ ಬೆಳ್ಳಿ ತೆಗೆದು ಮಾರುವವರು ಹಳೆ ನೆಗೆಟಿವ್ ಕೊಳ್ಳುತ್ತಿದ್ದ ಕಾಲ ಅದು. ಅವರಿಗೆ ಕೊಡುವ ಬದಲು ನಿನಗೇ ಇರಲಿ ಎಂದರು. ನನಗೆ ಕಣ್ಣು ತುಂಬಿ ಬಂತು. ಮೂರು ಡಬ್ಬಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ.

ಮನೆಯಲ್ಲಿ ಕಿಟಕಿಯ ಬೆಳಕಿಗೆ ಒಂದೊಂದೇ ಸುರುಳಿ ಹಿಡಿದು ನೋಡುತ್ತಾ ಕೂತೆ. ಯಾರ್ಯಾರದೋ ಮದುವೆ, ಗ್ರೂಪುಗಳು. ಒಂದರಲ್ಲೂ ಯಾರೂ ಅರ್ಧ ಬಂದಿರಲಿಲ್ಲ. ನನಗೆ ಗೊತ್ತಿದ್ದ ಬೀದಿಗಳೇ, ನಾನು ಜಗಲಿ ಹತ್ತಿ ಸೋತು ಬಂದ ಬೀದಿಗಳೇ. ಅಷ್ಟು ಜಾಗದಲ್ಲಿ ಅಷ್ಟು ಜನವನ್ನು ಐವತ್ತರ ಲೆನ್ಸಿನಲ್ಲಿ ಹಿಡಿಸಲು ದೇವರಿಂದಲೂ ಆಗುವುದಿಲ್ಲ. ಮನಸ್ಸಿಗೆ ಹೊಳೆಯಿತು, ಆದರೆ ಒಪ್ಪಲಿಲ್ಲ. ಇನ್ನೊಂದು ಸುರುಳಿ ಎತ್ತಿಕೊಂಡೆ.

ಅದರ ಕೊನೆಯಲ್ಲಿ ಒಂದೇ ಒಂದು ಫೋಟೋ ಬೇರೆ ಥರ ಇತ್ತು. ಎದುರಿಗೆ ತೋರಣದ ಮನೆ, ಉದ್ದಕ್ಕೆ ನಿಂತ ಜನ, ಕೆಳಗಿನ ಮೂಲೆಯಲ್ಲಿ ಬಗ್ಗಿ ಕ್ಯಾಮೆರಾ ಹಿಡಿದ ಒಬ್ಬನ ತಲೆ, ಹೆಗಲು. ಪಟ್ಟೆ ಶರ್ಟು. ಆ ಶರ್ಟು ನಾನು ಮದುವೆಗೆಂದು ಹೊಲಿಸಿದ್ದು. ಬಲಗಡೆಯ ತುದಿಯಲ್ಲಿ ಗಂಡಿನ ಸೋದರಮಾವ ಪೂರ್ತಿ ಇದ್ದರು. ಎಡಗಡೆಯ ತುದಿಯಲ್ಲಿ, ಎಲ್ಲರಿಂದ ಒಂದು ಗೇಣು ದೂರದಲ್ಲಿ, ಒಬ್ಬ ಹೆಂಗಸು ಪೂರ್ತಿ ಇದ್ದಳು.

ಆ ಮಧ್ಯಾಹ್ನದ ಬಸ್ಸಿಗೇ ತಿಪಟೂರಿಗೆ ಹೋದೆ. ಸ್ಟುಡಿಯೋದಲ್ಲಿ ಮೇಷ್ಟ್ರು ಹೊಸ ಪರದೆ ಕಟ್ಟಿಸುತ್ತಿದ್ದರು. ನೆಗೆಟಿವ್ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು.

"ಇದು ಆ ಡಬ್ಬದಾಗಿತ್ತಾ?" ಎಂದರು. ಅಷ್ಟೇ ಅವರ ಬಾಯಿಂದ ಮೊದಲು ಬಂದದ್ದು.

"ವೈಡ್ ಲೆನ್ಸ್ ಯಾವಾಗಿಂದ ಇತ್ತು ಮೇಷ್ಟ್ರೇ?"

"ಇತ್ತು."

"ನಾನು ಬೆಂಗಳೂರಿಗೆ ಹೋದಾಗ?"

ಅವರು ಪರದೆ ಕಟ್ಟುತ್ತಿದ್ದವನನ್ನು ಹೊರಗೆ ಕಳಿಸಿ ಬೆಂಚಿನ ಮೇಲೆ ಕೂತರು. "ನೀನೂ ಅದನ್ನ ಇಟ್ಕಂಡಿದ್ರೆ ಆ ಕಡೆ ಮದ್ವೆಗೆ ನನ್ನ ಯಾರು ಕರೀತಿದ್ರು ಹೇಳು. ನಿಂಗೆ ತೋಟ ಅದೆ. ನಂಗೇನದೆ?" ಎಂದರು. ಅದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಹೊಟ್ಟೆಪಾಡಿಗೆ ಜನ ಏನೇನೋ ಮಾಡುತ್ತಾರೆ.

"ಅವ್ವನ ಫೋಟೋ ಯಾಕೆ ಕೊಡಲಿಲ್ಲ?"

"ಅವತ್ತು ಸುಮ್ನೆ ಒಂದು ಒತ್ತಿದ್ದೆ ಕಣೋ. ಕೊಟ್ರೆ ಲೆನ್ಸಿನ ವಿಷ್ಯ ಗೊತ್ತಾಗ್ತಿತ್ತಲ್ಲ. ನಿಮ್ಮವ್ವ ತೀರ್ಕಂಡಾಗ ಕೊಡಾನ ಅಂತ್ಲೇ ಇದ್ದೆ. ನೀನು ಅಳ್ತಾ ಬಂದೆ. ಇಷ್ಟು ದಿನ ಇಟ್ಕಂಡು ಈಗ ಹೆಂಗಪ್ಪ ಕೊಡ್ಲಿ ಅನ್ನಿಸ್ತು. ಆಮ್ಯಾಕೆ ಮರ್ತೇಹೋಯ್ತು."

ಮರೆತೇಹೋಯಿತು. ನನ್ನ ಅವ್ವನ ಮುಖ ಅವರ ಡಬ್ಬದಲ್ಲಿ ಇರುವುದು ಅವರಿಗೆ ಮರೆತುಹೋಯಿತು. ನಾನು ಕೈಯ ನರಗಳನ್ನು ನೋಡುತ್ತಾ ಅಳುತ್ತಿದ್ದಾಗ ಅದು ನನ್ನ ಬೆನ್ನ ಹಿಂದಿನ ಬೀರುವಿನಲ್ಲಿ ಇತ್ತು. ತಂಗಿ ಹಣೆ ಒರೆಸಿಕೊಂಡಾಗಲೂ ಅಲ್ಲೇ ಇತ್ತು. ಕೈ ಎತ್ತಬೇಕು ಅನ್ನಿಸಿತು, ಎತ್ತಲಿಲ್ಲ. ನೆಗೆಟಿವ್ ಕಿತ್ತುಕೊಂಡು ಮೆಟ್ಟಿಲಿಳಿದು ಬಂದೆ. ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ. ಅವರು ತೀರಿಕೊಂಡಾಗಲೂ ಹೋಗಲಿಲ್ಲ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಹೇಳಲು ನಾಚಿಕೆಯಾಗುತ್ತದೆ. ಕಿಟಕಿಯ ಹತ್ತಿರ ಆ ಹೆಂಗಸನ್ನು ನೋಡಿದಾಗ ಒಂದು ಕ್ಷಣ, ಇವಳು ಯಾರು ಎಂದು ನಾನು ಯೋಚಿಸಿದ್ದೆ. ನೆಗೆಟಿವ್‌ನಲ್ಲಿ ಕಪ್ಪು ಬಿಳುಪು ತಿರುವುಮುರುವು, ಅದಕ್ಕೇ ಇರಬೇಕು ಎಂದುಕೊಂಡೆ. ಪ್ರಿಂಟು ಹಾಕಿದೆ. ಕೆನ್ನೆ ಅಗಲ, ಗಲ್ಲ ಒಂದು ಕಡೆಗೆ ಜಗ್ಗಿದೆ. ಅಗಲದ ಲೆನ್ಸು ಅಂಚಿನಲ್ಲಿ ಹಾಗೆ ಮಾಡುತ್ತದೆ, ಅದು ನಿಜವೇ. ಎಷ್ಟು ಎಳೆದಿದೆ ಎಂದು ಅಂದಾಜು ಮಾಡಲು ಗೋಡೆಯ ಫೋಟೋ ನೋಡಿದೆ. ಗೋಡೆಯ ಮೇಲೆ ಇದ್ದದ್ದು ತಂಗಿ.

ಪ್ರಿಂಟು ತೆಗೆದುಕೊಂಡು ತುರುವೇಕೆರೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರನ್ನು ಅವಳು ಬಯ್ಯುತ್ತಾಳೆ, ಅತ್ತೆಯ ಮುಂದೆ ಅದನ್ನು ಹಿಡಿದು ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ಫೋಟೋವನ್ನು ಬಾಗಿಲ ಬೆಳಕಿಗೆ ತಂದು ನೋಡಿದಳು. ಹೆಬ್ಬೆರಳಿನಿಂದ ಬೇರೆಯವರನ್ನು ಮುಚ್ಚಿಕೊಂಡು ನೋಡಿದಳು. ದಿನಾ ಕೈಮುಗಿಯುವ ಗೋಡೆಯ ಫೋಟೋದ ಕಡೆಗೆ ತಿರುಗಿ ನೋಡಿ, ಮತ್ತೆ ಇದನ್ನು ನೋಡಿದಳು.

"ಅಣ್ಣ, ಅವ್ವ ಹಿಂಗಿದ್ಲಾ?" ಎಂದು ಕೇಳಿದಳು.

"ಹೂಂ ಕಣೇ, ಹಿಂಗೇ ಇದ್ಲು" ಎಂದೆ. ನನಗೆ ಗೊತ್ತಿರಲಿಲ್ಲ.